ಡಾನ್ ರೆಡ್‌ವುಡ್: ಬುಡದಿಂದ ನೋಡಬೇಕಾದ ಮರ

ಚಳಿ ಶುರುವಾದ ಮೇಲೆ ಡಾನ್ ರೆಡ್‌ವುಡ್ ಮರದ ಕೆಳಗೆ ಬಿದ್ದದ್ದನ್ನು ಒಂದು ಬೊಗಸೆ ಎತ್ತಿ ನೋಡಿ. ಬಿಡಿ ಎಲೆಗಳು ಕಡಿಮೆ. ಹೆಚ್ಚಿನವು ಬೆರಳುದ್ದದ ಸಪೂರ ಕಡ್ಡಿಗಳು. ಎರಡೂ ಬದಿಯ ಎಲೆ ಹೊತ್ತುಕೊಂಡೇ ಬಿದ್ದಿರುತ್ತವೆ. ನೆಲ್ಲಿ ಮರವನ್ನು ಗಮನಿಸಿದವರಿಗೆ ಇದು ಹೊಸದೇನಲ್ಲ, ಅಲ್ಲೂ ಎಲೆ ಕಡ್ಡಿ ಸಮೇತ ಕಳಚುತ್ತದೆ. ಆದರೆ ನೆಲ್ಲಿ ಹೂ ಬಿಡುವ ಜಾತಿ. ಡಾನ್ ರೆಡ್‌ವುಡ್ ಪೈನ್, ದೇವದಾರುಗಳ ಬಳಗದ್ದು, ಬೀಜವನ್ನು ಶಂಕುವಿನಲ್ಲಿ ಕಟ್ಟುವ ಮರ. ಶಂಕುಧಾರಿ ಎಂದರೆ ವರ್ಷವಿಡೀ ಹಸಿರು ಎಂದುಕೊಂಡವರು ಮೊದಲ ಚಳಿಗಾಲದಲ್ಲಿ ಇದರ ಬೋಳು ಕೊಂಬೆ ಕಂಡು ಗಿಡ ಸತ್ತಿತೆಂದು ಕಿತ್ತುಹಾಕಿಬಿಡುತ್ತಾರೆ. ಕೀಳುವ ಮೊದಲು ಎಳೆಯ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದರೆ ಸಾಕು. ಒಳಗೆ ಹಸಿಹಸಿಯಾದ ಹಸಿರು ಕಂಡರೆ ಮರ ಮಲಗಿದೆ ಅಷ್ಟೆ. ಕಂದುಬಣ್ಣ ಕಂಡರೆ ಇನ್ನೂ ಕೆಳಗೆ, ಕಾಂಡದ ಹತ್ತಿರ ಕೆರೆದು ನೋಡಿ. ತುದಿ ಒಣಗಿ ನಡು ಜೀವಂತವಾಗಿರುವುದುಂಟು.

ತೋಟದ ನಡುವೆ ಒಂಟಿಯಾಗಿ, ನೋಡಲೆಂದೇ ಬೆಳೆಸುವ ಮರವಾಗಿ ಇದನ್ನು ಆರಿಸುವವರು ಸಾಮಾನ್ಯವಾಗಿ ಅದರ ಎತ್ತರ, ಗೋಪುರದಂಥ ಆಕಾರ, ಉದುರುವ ಮುನ್ನ ಬರುವ ತಾಮ್ರದ ಬಣ್ಣ ಇವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅವೆಲ್ಲ ಹೌದು. ಆದರೆ ಈ ಮರದ ನಿಜವಾದ ಚೆಲುವು ಇರುವುದು ಬುಡದಲ್ಲಿ. ವಯಸ್ಸಾದಂತೆ ಕಾಂಡದ ಬುಡ ಅಗಲವಾಗಿ ಹರಡಿ, ಉದ್ದುದ್ದಕ್ಕೆ ಏಣು ಮತ್ತು ತಗ್ಗುಗಳಾಗಿ ಮಡಚಿಕೊಳ್ಳುತ್ತದೆ. ಕೆಂಗಂದು ತೊಗಟೆ ನಾರು ನಾರಾಗಿ ಸುಲಿಯುತ್ತದೆ. ಪ್ರತಿ ಕೊಂಬೆಯ ಕೆಳಗೆ ಕಂಕುಳಿನಂಥ ಆಳವಾದ ಕುಳಿ ಮೂಡುತ್ತದೆ. ಆ ಬುಡ ತಾನಾಗಿ ಬರುವುದಿಲ್ಲ. ನೆಟ್ಟ ಆಳ, ಮೊದಲ ಮೂರು ವರ್ಷದ ನೀರು, ಕತ್ತರಿ ಹಿಡಿದ ಕೈಯ ಸಂಯಮ, ಈ ಮೂರರಿಂದ ಬರುತ್ತದೆ. ಮೂರರಲ್ಲೂ ಆಗುವ ತಪ್ಪುಗಳು ಹತ್ತಿಪ್ಪತ್ತು ವರ್ಷಗಳ ಮೇಲೆ ಕಣ್ಣಿಗೆ ಬೀಳುತ್ತವೆ, ಆಗ ತಿದ್ದಲಾಗುವುದಿಲ್ಲ.

ಐದರಲ್ಲಿ ಯಾವುದು?

ಎಲೆ ಉದುರಿಸುವ ಶಂಕುಧಾರಿ ಕುಲಗಳು ಇಡೀ ಜಗತ್ತಿನಲ್ಲಿ ಐದೇ: ಲಾರ್ಚ್, ಗೋಲ್ಡನ್ ಲಾರ್ಚ್, ಡಾನ್ ರೆಡ್‌ವುಡ್, ಬಾಲ್ಡ್ ಸೈಪ್ರೆಸ್ ಮತ್ತು ಚೀನಾದ ಜೌಗು ಸೈಪ್ರೆಸ್. ಗಿಂಕ್ಗೋವನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ಅದು ಬೀಜವನ್ನು ಹಣ್ಣಿನೊಳಗೆ ಮುಚ್ಚಿಡದ ಗುಂಪಿನದೇ ಆದರೂ ಶಂಕುಧಾರಿಯಲ್ಲ, ಅದರ ವಂಶವೇ ಬೇರೆ.

ಲಾರ್ಚ್ ಶೀತ ಸೀಮೆಯ ಮರ. ಮೈನಸ್ 40 ಡಿಗ್ರಿಯ ಚಳಿಯೂ ಅದಕ್ಕೆ ಲೆಕ್ಕಕ್ಕಿಲ್ಲ. ರಾತ್ರಿಯೂ ಬಿಸಿಯಾಗಿರುವ ಬೇಸಿಗೆ ಮಾತ್ರ ಆಗಿಬರುವುದಿಲ್ಲ. ಯುರೋಪಿನ ಲಾರ್ಚ್‌ಗೆ ಕಾಂಡದಲ್ಲಿ ಹುಣ್ಣು ಮಾಡುವ ಶಿಲೀಂಧ್ರ ರೋಗದ ಕಾಟವಿದೆ. ಜಪಾನಿನ ಲಾರ್ಚ್ ಅದನ್ನು ತಡೆದುಕೊಳ್ಳುತ್ತದೆ, ಆದರೆ ಬ್ರಿಟನ್ನಿನಲ್ಲಿ 2009ರಿಂದ ಫೈಟಾಫ್ತೊರಾ ರೇಮೋರಮ್ ಎಂಬ ಇನ್ನೊಂದು ರೋಗಾಣು ಅದನ್ನೇ ಹುಡುಕಿಕೊಂಡು ಬಂದಂತೆ ಬಂದು ತೋಪುಗಟ್ಟಲೆ ಕಡಿಯಬೇಕಾಯಿತು. ಗೋಲ್ಡನ್ ಲಾರ್ಚ್ ಉದುರುವ ಮುನ್ನ ಅಪ್ಪಟ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಮಟ್ಟಿಗೆ ಐದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಅದಕ್ಕೆ ಹುಳಿ ಮಣ್ಣೇ ಬೇಕು, ಬೆಳವಣಿಗೆ ತೀರ ನಿಧಾನ, ಎಳವೆಯಲ್ಲಿ ತಡವಾಗಿ ಬೀಳುವ ಹಿಮಕ್ಕೆ ತುದಿ ಸುಟ್ಟುಹೋಗುತ್ತದೆ. ಬಾಲ್ಡ್ ಸೈಪ್ರೆಸ್ ನೀರಿನಲ್ಲೇ ನಿಂತು ಬದುಕಬಲ್ಲದು, ಬಹುಕಾಲ ಬಾಳುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ಬ್ಲ್ಯಾಕ್ ರಿವರ್ ಜೌಗಿನಲ್ಲಿರುವ ಒಂದು ಮರಕ್ಕೆ ಕನಿಷ್ಠ 2,624 ವರ್ಷ ವಯಸ್ಸೆಂದು 2019ರಲ್ಲಿ ಪ್ರಕಟವಾದ ಉಂಗುರಗಳ ಲೆಕ್ಕ ಹೇಳುತ್ತದೆ. ತೇವದ ನೆಲದಲ್ಲಿ ಅದು ಬೇರಿನಿಂದ ಮೊಣಕಾಲಿನಂಥ ಗೂಟಗಳನ್ನು ಮೇಲೆಬ್ಬಿಸುತ್ತದೆ. ಕೆರೆ ದಂಡೆಯಲ್ಲಿ ಅದು ನೋಡುವಂಥದ್ದು, ಹುಲ್ಲುಹಾಸಿನ ನಡುವೆ ಎಡವುವಂಥದ್ದು. ಚೀನಾದ ಜೌಗು ಸೈಪ್ರೆಸ್ ಬೆಚ್ಚನೆಯ ಹಸಿ ನೆಲದ್ದು, ಹೆಚ್ಚು ಚಳಿ ತಾಳದು.

ಡಾನ್ ರೆಡ್‌ವುಡ್ ಇವೆಲ್ಲದರ ನಡುವೆ ನಿಲ್ಲುತ್ತದೆ. ಎಲೆ ಉದುರಿಸಿ ಮಲಗಿದ ಸಮಯದಲ್ಲಿ ಮೈನಸ್ 25 ಡಿಗ್ರಿಯವರೆಗೂ ತಾಳುತ್ತದೆ, ಬೇಸಿಗೆಯ ಸೆಕೆಯನ್ನು ಇಷ್ಟಪಡುತ್ತದೆ, ಮಣ್ಣಿನ ವಿಷಯದಲ್ಲಿ ಗೋಲ್ಡನ್ ಲಾರ್ಚ್‌ನಷ್ಟು ಹಟ ಮಾಡುವುದಿಲ್ಲ. ಅದು ಸೋಲುವುದು ಎರಡು ಕಡೆ: ಆಳದವರೆಗೂ ಒಣಗುವ ನೆಲದಲ್ಲಿ, ಮತ್ತು ಚಳಿಗಾಲವೇ ಇಲ್ಲದ ಜಾಗದಲ್ಲಿ. ವರ್ಷವಿಡೀ ಬೆಚ್ಚಗಿರುವ ಕಡೆ ಮರಕ್ಕೆ ಮಲಗುವ ಸೂಚನೆಯೇ ಸರಿಯಾಗಿ ಸಿಗುವುದಿಲ್ಲ. ಅಂಥಲ್ಲಿ ಮೆಕ್ಸಿಕೋದ ಸೈಪ್ರೆಸ್ ನೆಡುವುದು ಜಾಣತನ. ಅದು ಬಾಲ್ಡ್ ಸೈಪ್ರೆಸ್‌ನ ದಾಯಾದಿ, ಬೆಚ್ಚನೆಯ ನಾಡಿನಲ್ಲಿ ಪೂರ್ತಿ ಬೋಳಾಗದೆ ಎಲೆ ಬದಲಿಸಿಕೊಳ್ಳುತ್ತದೆ.

ಕಲ್ಲಿನಿಂದ ಎದ್ದು ಬಂದದ್ದು

ಈ ಮರಕ್ಕೆ ಹೆಸರು ಸಿಕ್ಕಿದ್ದು ಪಳೆಯುಳಿಕೆಯಿಂದ. ಜಪಾನಿನ ಸಸ್ಯವಿಜ್ಞಾನಿ ಶಿಗೆರು ಮಿಕಿ 1941ರಲ್ಲಿ ಕಲ್ಲಿನಲ್ಲಿ ಉಳಿದ ಎಲೆ, ಶಂಕುಗಳನ್ನು ನೋಡಿ ಇದು ಅಮೆರಿಕದ ರೆಡ್‌ವುಡ್‌ನ ಕುಲವಾದ ಸಿಕ್ವೋಯಾ ಅಲ್ಲ, ಬೇರೆಯೇ ಕುಲ ಎಂದು ಗುರುತಿಸಿ ಮೆಟಾಸಿಕ್ವೋಯಾ ಎಂದು ಕರೆದರು. ಅದೇ ಸುಮಾರಿಗೆ ಚೀನಾದ ಒಳನಾಡಿನ ಮೋದಾವೊಶಿ ಎಂಬ ಹಳ್ಳಿಯಲ್ಲಿ ಯಾರಿಗೂ ಗುರುತು ಸಿಗದ ದೊಡ್ಡ ಮರವೊಂದು ಅರಣ್ಯ ತಜ್ಞರ ಕಣ್ಣಿಗೆ ಬಿತ್ತು. 1943ರಲ್ಲಿ ವಾಂಗ್ ಝಾನ್ ಅದರ ಮಾದರಿಗಳನ್ನು ಸಂಗ್ರಹಿಸಿದರು. ಸಸ್ಯವಿಜ್ಞಾನಿಗಳಾದ ಹು ಶಿಯಾನ್‌ಸು ಮತ್ತು ಝೆಂಗ್ ವಾನ್‌ಜುನ್ ಅದನ್ನು ಮಿಕಿಯವರ ಪಳೆಯುಳಿಕೆಯೊಂದಿಗೆ ಹೋಲಿಸಿ 1948ರಲ್ಲಿ ಮೆಟಾಸಿಕ್ವೋಯಾ ಗ್ಲಿಪ್ಟೊಸ್ಟ್ರೊಬಾಯ್ಡಿಸ್ ಎಂಬ ಪೂರ್ತಿ ಹೆಸರು ಕೊಟ್ಟರು. ಅಮೆರಿಕದ ಆರ್ನಲ್ಡ್ ಸಸ್ಯೋದ್ಯಾನ ಬೀಜ ಸಂಗ್ರಹಕ್ಕೆ ಹಣ ಕಳಿಸಿತ್ತು. 1948ರ ಆರಂಭದಲ್ಲಿ ಬೀಜ ಅಲ್ಲಿಗೆ ತಲುಪಿ, ಅಲ್ಲಿಂದ ಜಗತ್ತಿನ ತೋಟಗಳಿಗೆ ಹಂಚಿಕೆಯಾಯಿತು. ಆ ಬೀಜದಿಂದ ಹುಟ್ಟಿದ ಮರಗಳು ಇಂದಿಗೂ ನಿಂತಿವೆ. ಕಾಡಿನಲ್ಲಿ ಉಳಿದಿರುವ ಮರಗಳು ಕಡಿಮೆ, ಜಾತಿ ಅಳಿವಿನಂಚಿನದು.

ತೋಟ ಮಾಡುವವರಿಗೆ ಈ ಕಥೆಯಿಂದ ಎರಡು ಉಪಯೋಗ. ಮೊದಲನೆಯದು, ಅದರ ತವರು ಎಂಥದ್ದೆಂದು ತಿಳಿಯುತ್ತದೆ: ಬೇಸಿಗೆಯಲ್ಲಿ ಮಳೆ ಬೀಳುವ ಕಣಿವೆಗಳು, ತೊರೆಯ ಇಕ್ಕೆಲ. ಚೀನೀ ಭಾಷೆಯಲ್ಲಿ ಇದರ ಹೆಸರು ಶುಯಿಶಾನ್, ಅಂದರೆ ನೀರಿನ ಫರ್. ಆ ಹೆಸರನ್ನು ನೆನಪಿಟ್ಟರೆ ಅರ್ಧ ಆರೈಕೆ ಗೊತ್ತಾದಂತೆ. ಎರಡನೆಯದು, ಒಂಟಿಯಾಗಿ ನೆಟ್ಟ ಮರ ತನ್ನದೇ ಪರಾಗದಿಂದ ಬೀಜ ಕಟ್ಟಿದಾಗ ಹೆಚ್ಚಿನವು ಜೊಳ್ಳಾಗುತ್ತವೆ. ಮರದ ತುಂಬ ಶಂಕು ಜೋತಾಡುತ್ತಿದ್ದರೂ ಬಿತ್ತಿದರೆ ಬೆರಳೆಣಿಕೆಯ ಸಸಿ ಮಾತ್ರ ಏಳುವುದಕ್ಕೆ ಇದೇ ಕಾರಣ.

ಕೊಳ್ಳುವಾಗ ಕಣ್ಣಿಡಬೇಕಾದ್ದು

ನರ್ಸರಿಗಳಲ್ಲಿ ಡಾನ್ ರೆಡ್‌ವುಡ್ ಮತ್ತು ಬಾಲ್ಡ್ ಸೈಪ್ರೆಸ್ ಅದಲು ಬದಲಾಗುವುದು ಸಾಮಾನ್ಯ. ಚೀಟಿ ನೋಡಬೇಡಿ, ಎಲೆ ನೋಡಿ. ಡಾನ್ ರೆಡ್‌ವುಡ್‌ನಲ್ಲಿ ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ ಜೋಡಿ ಜೋಡಿಯಾಗಿರುತ್ತವೆ. ಆ ಕಡ್ಡಿಗಳೂ ಕೊಂಬೆಯ ಮೇಲೆ ಎದುರುಬದುರೇ. ಬಾಲ್ಡ್ ಸೈಪ್ರೆಸ್‌ನಲ್ಲಿ ಒಂದು ಆಚೆ, ಒಂದು ಈಚೆ. ಎಲೆಯಿಲ್ಲದ ಕಾಲದಲ್ಲಿ ಮೊಗ್ಗು ನೋಡಿ. ಡಾನ್ ರೆಡ್‌ವುಡ್‌ನ ಮೊಗ್ಗುಗಳೂ ಜೋಡಿಯಾಗಿಯೇ ಇರುತ್ತವೆ. ಅಷ್ಟೇ ಅಲ್ಲ, ಬೇರೆ ಗಿಡಗಳಲ್ಲಿ ಕಂಕುಳಿನಲ್ಲಿ, ಅಂದರೆ ಮೇಲ್ಬದಿಯಲ್ಲಿ ಕೂರುವ ಮೊಗ್ಗು ಇಲ್ಲಿ ಹಲವೆಡೆ ಕಡ್ಡಿಯ ಕೆಳಬದಿಯಲ್ಲಿ ಕೂತಿರುತ್ತದೆ. ಒಮ್ಮೆ ಕಂಡರೆ ಮರೆಯದ ಗುರುತು ಇದು.

ದೊಡ್ಡ ಗಿಡ ಕೊಂಡರೆ ಬೇಗ ಮರವಾದೀತು ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. 60ರಿಂದ 120 ಸೆಂ.ಮೀ. ಎತ್ತರದ, ಕುಂಡದಲ್ಲಿ ಬಹಳ ದಿನ ಉಳಿಯದ ಸಸಿ, 3 ಮೀಟರ್‌ನ ಹಳೆಯ ಗಿಡವನ್ನು ಕೆಲವೇ ವರ್ಷಗಳಲ್ಲಿ ಹಿಂದೆ ಹಾಕುತ್ತದೆ. ಕಾರಣ ಬೇರು. ವೇಗವಾಗಿ ಬೆಳೆಯುವ ಈ ಮರದ ಬೇರು ಕುಂಡದ ಗೋಡೆ ಮುಟ್ಟಿದ ಕೂಡಲೇ ಸುತ್ತತೊಡಗುತ್ತದೆ. ಸುತ್ತಿದ ಬೇರು ದಪ್ಪವಾದ ಮೇಲೆ ನೆಲಕ್ಕೆ ಇಳಿಸಿದರೂ ಸುತ್ತುವುದನ್ನು ಬಿಡುವುದಿಲ್ಲ. ಮುಂದೆ ಕಾಂಡದ ಬುಡ ಅಗಲವಾಗಬೇಕಾದ ಹೊತ್ತಿಗೆ ಆ ಬೇರೇ ಅದರ ಕುತ್ತಿಗೆಗೆ ಉರುಳಾಗುತ್ತದೆ. ಕುಂಡದಿಂದ ಗಿಡವನ್ನು ಹೊರಗೆಳೆದು ನೋಡಲು ಬಿಡದ ಕಡೆ ಕೊಳ್ಳದಿರುವುದೇ ಒಳ್ಳೆಯದು. ನಡುಕಾಂಡ ಒಂದೇ ಇರಬೇಕು, ನೇರವಾಗಿರಬೇಕು, ಕೊಂಬೆಗಳು ಮಣ್ಣಿನ ಹತ್ತಿರದಿಂದಲೇ ಶುರುವಾಗಿರಬೇಕು. ಕೆಳಗಿನ ಕೊಂಬೆ ಸವರಿ ಕೋಲಿನಂತೆ ಮಾಡಿಟ್ಟ ಗಿಡ ಎಷ್ಟೇ ಎತ್ತರವಿದ್ದರೂ ಬೇಡ.

ಜಾಗ

ನೀರು ಸಿಕ್ಕರೆ ಎಳೆಯ ಮರ ವರ್ಷಕ್ಕೆ 60ರಿಂದ 90 ಸೆಂ.ಮೀ. ಏರುತ್ತದೆ. ಹದಿನೈದಿಪ್ಪತ್ತು ವರ್ಷಕ್ಕೆ 12ರಿಂದ 15 ಮೀಟರ್, ಮುಂದೆ ತೋಟದಲ್ಲೇ 25ರಿಂದ 30 ಮೀಟರ್. ಅಗಲ 6ರಿಂದ 8 ಮೀಟರ್. ಸಸಿ ಕೈಯಲ್ಲಿದ್ದಾಗ ಈ ಅಂಕಿಗಳು ನಂಬುವಂತೆ ಕಾಣುವುದಿಲ್ಲ, ಆದ್ದರಿಂದಲೇ ನೆಲದ ಮೇಲೆ ಗೂಟ ಹೊಡೆದು 4 ಮೀಟರ್ ಹಗ್ಗದಿಂದ ಒಂದು ವೃತ್ತ ಎಳೆದು ನೋಡುವುದು ಒಳ್ಳೆಯದು. ಆ ವೃತ್ತದೊಳಗೆ ದಾರಿ, ಗೋಡೆ, ಇನ್ನೊಂದು ಮರದ ನೆರಳು ಯಾವುದೂ ಬರಬಾರದು. ಕಟ್ಟಡದಿಂದ ಕನಿಷ್ಠ 10 ಮೀಟರ್ ದೂರ ಇಡಿ. ಬಿರುಕು ಬಿಟ್ಟ ಚರಂಡಿ ಕೊಳವೆ ಹತ್ತಿರದಲ್ಲಿದ್ದರೆ ಇನ್ನೂ ದೂರ; ನೀರು ಹುಡುಕುವ ಬೇರು ಬಿರುಕಿನೊಳಗೆ ನುಗ್ಗದೆ ಬಿಡುವುದಿಲ್ಲ.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ನೆರಳಿನಲ್ಲಿ ನೆಟ್ಟರೆ ಮರ ಸಾಯುವುದಿಲ್ಲ, ಆದರೆ ಕೆಳಗಿನ ಕೊಂಬೆಗಳು ಒಂದೊಂದಾಗಿ ಒಣಗಿ ಹೋಗುತ್ತವೆ, ಬೆಳಕಿನ ಕಡೆಗೆ ಓಲುತ್ತದೆ, ಬುಡ ಸಣಕಲಾಗಿಯೇ ಉಳಿಯುತ್ತದೆ. ಮನೆಗೆ ಚಳಿಗಾಲದ ಬಿಸಿಲು ಬರುವ ದಿಕ್ಕಿನಲ್ಲಿ ದೂರವಿಟ್ಟು ನೆಟ್ಟರೆ ಎಲೆ ಉದುರಿಸುವ ಗುಣದ ಲಾಭ ಕೈಗೆ ಸಿಗುತ್ತದೆ. ಬೇಸಿಗೆಯಲ್ಲಿ ನೆರಳು, ಚಳಿಯಲ್ಲಿ ಬೆಳಕು. ಸದಾ ಹಸಿರಿನ ಶಂಕುಧಾರಿಗಳಿಂದ ಇದು ಸಾಧ್ಯವಿಲ್ಲ.

ತಗ್ಗು ಜಾಗದಲ್ಲಿ ತಣ್ಣನೆಯ ಗಾಳಿ ಇಳಿದು ನಿಲ್ಲುತ್ತದೆ. ಡಾನ್ ರೆಡ್‌ವುಡ್ ಬೇಗ ಚಿಗುರುವ ಮರವಾದ್ದರಿಂದ ಅಂಥ ತಗ್ಗಿನಲ್ಲಿ ತಡವಾಗಿ ಬೀಳುವ ಹಿಮ ಹೊಸ ಚಿಗುರನ್ನು ಸುಡುತ್ತದೆ. ಇಳಿಜಾರಿನ ಬುಡಕ್ಕಿಂತ ತುಸು ಮೇಲೆ, ನೀರು ಹರಿದು ಬಂದರೂ ನಿಲ್ಲದ ಕಡೆ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಮಣ್ಣು ತುಸು ಹುಳಿಯಿದ್ದರೆ ಚೆನ್ನ. ರಸಸಾರ (ಪಿಎಚ್) 5ರಿಂದ 7ರವರೆಗೆ ನಿಶ್ಚಿಂತೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆಗಳು ತಿಳಿ ಹಳದಿಯಾಗುತ್ತವೆ. ನೀರು ಇಳಿಯುವುದನ್ನು ನೆಡುವ ಮೊದಲೇ ಪರೀಕ್ಷಿಸಿ. ಒಂದು ಮೊಳ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ ಗಡಿಯಾರ ನೋಡಿ. ಗಂಟೆಗೆ 2ರಿಂದ 10 ಸೆಂ.ಮೀ. ಇಳಿದರೆ ಸರಿ. ಮರುದಿನವೂ ನೀರು ಹಾಗೆಯೇ ನಿಂತಿದ್ದರೆ ಬಾಲ್ಡ್ ಸೈಪ್ರೆಸ್ ನೆಡುವುದು ಮೇಲು. ಡಾನ್ ರೆಡ್‌ವುಡ್‌ಗೆ ತೇವ ಇಷ್ಟ, ಆದರೆ ಎಳೆಯ ಬೇರು ಗಾಳಿಯಾಡದ ಕೆಸರಿನಲ್ಲಿ ಕೊಳೆಯುತ್ತದೆ. ಗಂಟೆಯೊಳಗೆ ಗುಂಡಿ ಬರಿದಾಗುವ ಮರಳು ನೆಲವಾದರೆ, ಎಷ್ಟು ವರ್ಷ ನೀರು ಹೊರಬಲ್ಲಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ನೆಡುವ ದಿನ

ಎಲೆ ಉದುರಿದ ಮೇಲಿನಿಂದ ಮೊಗ್ಗು ಉಬ್ಬುವವರೆಗೆ ಯಾವಾಗ ಬೇಕಾದರೂ ನೆಡಬಹುದು, ನೆಲ ಹೆಪ್ಪುಗಟ್ಟಿರಬಾರದು, ಕೆಸರಾಗಿರಬಾರದು ಅಷ್ಟೆ. ಗುಂಡಿಯ ಅಗಲ ಬೇರಿನ ಗಡ್ಡೆಯ ಎರಡರಿಂದ ಮೂರು ಪಟ್ಟು ಇರಲಿ. ಆಳ ಗಡ್ಡೆಯಷ್ಟೇ, ಒಂದು ಬೆರಳೂ ಹೆಚ್ಚು ಬೇಡ. ಆಳವಾಗಿ ಅಗೆದು ಸಡಿಲ ಮಣ್ಣು ತುಂಬಿದರೆ ಅದು ಕುಸಿದಂತೆ ಗಿಡವೂ ಕುಸಿಯುತ್ತದೆ, ಕಾಂಡ ಮಣ್ಣಿನೊಳಗೆ ಹೂತುಹೋಗುತ್ತದೆ. ಹೂತ ಕಾಂಡದ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಕೊಳೆಯದಿದ್ದರೂ ಬುಡ ಹರಡುವ ನೋಟ ಮಣ್ಣಿನಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ಗಡ್ಡೆಯ ಮೇಲಿನ ಮಣ್ಣನ್ನು ಬೆರಳಿನಿಂದ ಕೆದಕಿ, ಕಾಂಡ ಅಗಲವಾಗಿ ಮೊದಲ ಬೇರು ಹೊರಡುವ ಜಾಗವನ್ನು ಹುಡುಕಿ. ಕುಂಡದಲ್ಲಿ ಬೆಳೆದ ಗಿಡದಲ್ಲಿ ಅದು ಹಲವು ಸಲ ಮೂರು ನಾಲ್ಕು ಬೆರಳು ಕೆಳಗಿರುತ್ತದೆ. ಆ ಜಾಗ ನೆಲಮಟ್ಟಕ್ಕಿಂತ 2ರಿಂದ 3 ಸೆಂ.ಮೀ. ಮೇಲೆ ನಿಲ್ಲುವಂತೆ ಗಿಡ ಕೂರಿಸಬೇಕು. ಗುಂಡಿಯ ಅಡ್ಡಕ್ಕೆ ಒಂದು ನೇರ ಕೋಲು ಇಟ್ಟು ನೋಡಿದರೆ ಅಂದಾಜಿನ ಗೊಡವೆ ಇಲ್ಲ.

ಕೂರಿಸುವ ಮೊದಲು ಗಡ್ಡೆಯನ್ನು ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿಡಿ. ಒಣ ಗಡ್ಡೆ ಒಮ್ಮೆ ಮಣ್ಣಿನೊಳಗೆ ಹೋದರೆ ಸುತ್ತಲೂ ನೀರಿದ್ದರೂ ಒಳಗೆ ಒಣಗಿಯೇ ಇರುತ್ತದೆ. ಸುತ್ತಿದ ಬೇರುಗಳಿದ್ದರೆ ಹರಿತವಾದ ಚಾಕುವಿನಿಂದ ಗಡ್ಡೆಯ ಹೊರಮೈಯನ್ನು ಸುತ್ತಲೂ ಒಂದೆರಡು ಸೆಂ.ಮೀ. ಹೆರೆದುಹಾಕಿ. ನೋಡಲು ಕ್ರೂರ ಎನಿಸಬಹುದು, ಆದರೆ ಕತ್ತರಿಸಿದ ತುದಿಗಳಿಂದ ಹೊಸ ಬೇರುಗಳು ಹೊರಮುಖವಾಗಿ ಹೊರಡುತ್ತವೆ. ಜೇಡಿ ಮಣ್ಣಾದರೆ ಸಲಿಕೆಯಿಂದ ನುಣುಪಾದ ಗುಂಡಿಯ ಗೋಡೆಯನ್ನು ಮುಳ್ಳುಗುದ್ದಲಿಯಿಂದ ಗೀರಿ ಒರಟು ಮಾಡಿ, ಇಲ್ಲದಿದ್ದರೆ ನೆಲದಲ್ಲೇ ಇನ್ನೊಂದು ಕುಂಡ ಮಾಡಿಟ್ಟಂತೆ.

ಗುಂಡಿಗೆ ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ ತುಂಬುವ ಅಭ್ಯಾಸ ಬಹಳ ಜನರಿಗೆ ಇದೆ. ಇಲ್ಲಿ ಅದನ್ನು ಬಿಡಬೇಕು. ಬೇರು ಮೃದುವಾದ ಜಾಗದಲ್ಲೇ ಸುತ್ತಿಕೊಂಡು ಹೊರಗಿನ ಗಟ್ಟಿ ಮಣ್ಣಿಗೆ ಹೋಗಲು ಹಿಂಜರಿಯುತ್ತದೆ, ಮಳೆಯಲ್ಲಿ ಗುಂಡಿ ತೊಟ್ಟಿಯಂತೆ ನೀರು ಹಿಡಿಯುತ್ತದೆ. ಅಗೆದ ಮಣ್ಣನ್ನೇ ಹೆಂಟೆ ಒಡೆದು ತುಂಬಿ. ಅರ್ಧ ತುಂಬಿದಾಗ ಒಂದು ಬಕೆಟ್ ನೀರು ಹೊಯ್ದು ಮಣ್ಣು ತಾನಾಗಿ ಇಳಿಯಲು ಬಿಡಿ, ಆಮೇಲೆ ಉಳಿದರ್ಧ. ಕಾಲಿನಿಂದ ತುಳಿದು ಗಟ್ಟಿ ಮಾಡುವ ಅಗತ್ಯವಿಲ್ಲ. ಸುತ್ತ 1 ಮೀಟರ್ ವ್ಯಾಸದ ಪಾತಿ, ಅದರ ಅಂಚು ನಾಲ್ಕು ಬೆರಳು ಎತ್ತರ. ಅದರ ಮೇಲೆ ಮರದ ಚೂರು ಅಥವಾ ಒಣ ತೊಗಟೆಯ ಹೊದಿಕೆ 5ರಿಂದ 8 ಸೆಂ.ಮೀ. ದಪ್ಪ. ಹೊದಿಕೆ ಕಾಂಡಕ್ಕೆ ತಾಗಬಾರದು, ಅರ್ಧ ಗೇಣಿನಷ್ಟು ಜಾಗ ಖಾಲಿ ಬಿಡಿ.

ಊರುಗೋಲು? ಗಾಳಿ ಜೋರಾಗಿಲ್ಲದ ಕಡೆ ಬೇಡವೇ ಬೇಡ. ಗಾಳಿಗೆ ತೂಗಿದ ಕಾಂಡ ತನ್ನ ಬುಡವನ್ನು ತಾನೇ ದಪ್ಪ ಮಾಡಿಕೊಳ್ಳುತ್ತದೆ. ಬಿಗಿದು ಕಟ್ಟಿದ ಕಾಂಡ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಬೆಳೆದು, ಕಟ್ಟು ಬಿಚ್ಚಿದ ದಿನ ಬಾಗುತ್ತದೆ. ಕಟ್ಟಲೇಬೇಕಾದರೆ ಗಿಡದ ಎತ್ತರದ ಮೂರನೇ ಒಂದು ಭಾಗದಲ್ಲಿ, ಅಗಲವಾದ ಮೆತ್ತನೆಯ ಪಟ್ಟಿಯಿಂದ, ತುಸು ಅಲುಗಾಡುವಂತೆ ಕಟ್ಟಿ, ವರ್ಷ ತುಂಬಿದ ಕೂಡಲೇ ಬಿಚ್ಚಿಬಿಡಿ.

ಮೂರು ವರ್ಷದ ನೀರು

ಮೊದಲ ವರ್ಷ, ಚಿಗುರಿನಿಂದ ಎಲೆ ಉದುರುವವರೆಗೆ, ಮಳೆ ಬಾರದ ವಾರಕ್ಕೆ 20 ಲೀಟರ್. ಸುಡುವ ಬಿಸಿಲಿದ್ದರೆ ವಾರಕ್ಕೆ ಎರಡು ಬಾರಿ. ಒಂದೇ ಸಲ ಸುರಿದರೆ ಹರಿದುಹೋಗುತ್ತದೆ, ನಿಧಾನವಾಗಿ ಇಂಗಬೇಕು. ತಳಕ್ಕೆ ಎರಡು ಸಣ್ಣ ತೂತು ಮಾಡಿದ ಬಕೆಟ್ ಪಾತಿಯಲ್ಲಿಟ್ಟರೆ ಸಾಕು, ಬೇರೆ ಸಲಕರಣೆ ಬೇಡ. ಮರುದಿನ ಒಂದು ಕಡ್ಡಿಯನ್ನು ಗೇಣುದ್ದ ಮಣ್ಣಿನೊಳಗೆ ಚುಚ್ಚಿ ತೆಗೆದು ನೋಡಿ. ತುದಿಗೆ ಮಣ್ಣು ಮೆತ್ತಿದ್ದರೆ ಒಳಗೆ ತೇವವಿದೆ, ಅವತ್ತು ನೀರು ಬೇಡ. ಎರಡನೇ ವರ್ಷ 7ರಿಂದ 10 ದಿನಕ್ಕೊಮ್ಮೆ 30ರಿಂದ 40 ಲೀಟರ್, ಪಾತಿಯನ್ನು ಒಂದೂವರೆ ಮೀಟರ್‌ಗೆ ಹಿಗ್ಗಿಸಿ. ಮೂರನೇ ವರ್ಷ ಬರಗಾಲದ ದಿನಗಳಲ್ಲಿ ಮಾತ್ರ, ಆದರೆ ಕೊಟ್ಟಾಗ ಇನ್ನೂ ಹೆಚ್ಚು, ಇನ್ನೂ ಅಗಲಕ್ಕೆ. ದಿನವೂ ಒಂದು ತಂಬಿಗೆ ಚಿಮುಕಿಸುವುದು ಮಾತ್ರ ಕೆಟ್ಟ ಅಭ್ಯಾಸ. ಬೇರು ಮೇಲ್ಪದರದಲ್ಲೇ ಹರಡಿ, ನೀವು ನಾಲ್ಕು ದಿನ ಇಲ್ಲದಿದ್ದಾಗ ಗಿಡ ಒಣಗುತ್ತದೆ.

ನೀರು ಸಾಲದಿದ್ದರೆ ಮರ ಮೊದಲು ಒಳಗಿನ, ಕಾಂಡದ ಹತ್ತಿರದ ಕಡ್ಡಿಗಳನ್ನು ಕಂದು ಮಾಡಿ ಉದುರಿಸುತ್ತದೆ. ನಂತರ ತುದಿಗಳು ಜೋಲುತ್ತವೆ. ಬೇಸಿಗೆಯ ನಡುವೆಯೇ ಇಡೀ ಮರ ತಾಮ್ರದ ಬಣ್ಣಕ್ಕೆ ತಿರುಗಿದರೂ ಗರಗಸ ತರಬೇಡಿ. ಎಲೆ ಉದುರಿಸಿ ಬದುಕುವ ವಿದ್ಯೆ ಅದಕ್ಕೆ ಗೊತ್ತಿದೆ. ಆಳಕ್ಕಿಳಿಯುವಂತೆ ನೀರು ಕೊಡಿ, ಮೊಗ್ಗುಗಳು ದುಂಡಗೆ ಗಟ್ಟಿಯಾಗಿವೆಯೇ ನೋಡಿ, ಮುಂದಿನ ಚಿಗುರಿನವರೆಗೆ ಕಾಯಿರಿ.

ಹುಲ್ಲುಹಾಸು ಈ ಮರದ ಮೊದಲ ಪ್ರತಿಸ್ಪರ್ಧಿ. ಬುಡದವರೆಗೆ ಹುಲ್ಲು ಬೆಳೆಸಿದರೆ ಅರ್ಧ ನೀರು ಹುಲ್ಲಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹುಲ್ಲು ಕತ್ತರಿಸುವ ಯಂತ್ರದ ತಂತಿ. ಎಳೆಯ ತೊಗಟೆ ತೆಳು, ಎರಡು ಮೂರು ಏಟಿಗೆ ಸುತ್ತಲೂ ಸೀಳಿಬಿಡುತ್ತದೆ, ಗಿಡ ಮುಂದಿನ ವರ್ಷ ಕಾರಣ ತಿಳಿಯದಂತೆ ಸೊರಗುತ್ತದೆ. ಹೊದಿಕೆಯ ವೃತ್ತ ಇದ್ದರೆ ಯಂತ್ರ ಹತ್ತಿರವೇ ಹೋಗುವುದಿಲ್ಲ. ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಗುರುವ ಮುನ್ನ ಹೊದಿಕೆಯ ಕೆಳಗೆ ಎರಡು ಬೆರಳು ಕಾಂಪೋಸ್ಟ್ ಹರಡಿದರೆ ಸಾಕು. ಬೇಸಿಗೆಯ ಕೊನೆಗೆ ಸಾರಜನಕ ಕೊಟ್ಟರೆ ತಡವಾಗಿ ಬಂದ ಎಳೆ ಚಿಗುರು ಮಾಗುವ ಮೊದಲೇ ಹಿಮಕ್ಕೆ ಸಿಕ್ಕಿ ಸಾಯುತ್ತದೆ.

ಕೆಳಗಿನ ಕೊಂಬೆ ಕಡಿಯಬೇಡಿ

ಇಷ್ಟೆಲ್ಲ ಹೇಳಿದ ಮೇಲೆ ಒಂದೇ ಮಾತು ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳಿ. ಕೊಂಬೆಯ ಎಲೆಗಳು ಮಾಡಿದ ಆಹಾರ ಆ ಕೊಂಬೆಯಿಂದ ಕೆಳಗಿನ ಕಾಂಡಕ್ಕೂ ಬೇರಿಗೂ ಇಳಿಯುತ್ತದೆ. ನೆಲದ ಹತ್ತಿರದ ಕೊಂಬೆಗಳು ಸಣ್ಣವಾದರೂ ಬುಡವನ್ನು ದಪ್ಪ ಮಾಡುವ ಕೆಲಸ ಅವುಗಳದ್ದು. ಎಳವೆಯಲ್ಲೇ ಅವನ್ನು ಸವರಿ ‘ಅಚ್ಚುಕಟ್ಟು’ ಮಾಡಿದ ಮರ ಎತ್ತರಕ್ಕೇನೋ ಹೋಗುತ್ತದೆ, ಆದರೆ ಕಾಂಡ ಕಂಬದಂತೆ ನೆಟ್ಟಗೆ ಇಳಿಯುತ್ತದೆ. ಏಣುಗಳು ಮೂಡಿದರೂ ಆಳವಾಗುವುದಿಲ್ಲ, ಕೊಂಬೆಯಡಿಯ ಕುಳಿಗಳಂತೂ ಕೊಂಬೆಯೇ ಇಲ್ಲದ ಮೇಲೆ ಎಲ್ಲಿಂದ ಬರಬೇಕು? ಒಂದೇ ವಯಸ್ಸಿನ, ಒಂದೇ ಮಣ್ಣಿನ ಎರಡು ಮರಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಕೆಳಗೆ ಓಡಾಡಲು ದಾರಿ ಬೇಕೇಬೇಕೆಂದರೆ ಮರ 6 ಮೀಟರ್ ದಾಟುವವರೆಗೆ ತಡೆಯಿರಿ. ಆಮೇಲೆ ವರ್ಷಕ್ಕೆ ಎರಡು ಕೊಂಬೆಗಿಂತ ಹೆಚ್ಚು ಬೇಡ. ಕೊಂಬೆ ಕಾಂಡ ಸೇರುವಲ್ಲಿ ಉಂಗುರದಂತೆ ಉಬ್ಬಿದ ಭಾಗವಿರುತ್ತದೆ. ಆ ಉಬ್ಬನ್ನು ಉಳಿಸಿ, ಅದರ ಹೊರಗೆ ಕತ್ತರಿಸಿ. ಗಾಯ ಮುಚ್ಚುವ ಜೀವಕೋಶಗಳು ಇರುವುದು ಅಲ್ಲೇ. ಗಾಯಕ್ಕೆ ಬಣ್ಣ, ಟಾರು ಬಳಿಯುವುದರಿಂದ ಏನೂ ಉಪಯೋಗವಿಲ್ಲ.

ಕತ್ತರಿ ಅಗತ್ಯವಾಗುವ ಸಂದರ್ಭ ನಿಜವಾಗಿ ಒಂದೇ. ತುದಿ ಹಿಮಕ್ಕೋ ಗಾಳಿಗೋ ಮುರಿದಾಗ ಎರಡು ಕುಡಿಗಳು ಒಟ್ಟಿಗೆ ಮೇಲೇಳುತ್ತವೆ. ಬೆರಳಿಗಿಂತ ಸಪೂರವಿರುವಾಗಲೇ ನೆಟ್ಟಗಿರುವ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಿರಿ. ಬಿಟ್ಟರೆ ಎರಡು ಕಾಂಡಗಳ ನಡುವೆ ತೊಗಟೆ ಸಿಕ್ಕಿಕೊಂಡು, ದೊಡ್ಡ ಮರವಾದಾಗ ಬಿರುಗಾಳಿಗೆ ಅಲ್ಲೇ ಸೀಳುತ್ತದೆ. ಎತ್ತರ ಹೆಚ್ಚಾಯಿತೆಂದು ತಲೆ ಕತ್ತರಿಸುವ ಯೋಚನೆ ಬಂದರೆ, ಆ ಜಾಗಕ್ಕೆ ಈ ಮರ ಸಲ್ಲುವುದಿಲ್ಲ ಎಂದೇ ತಿಳಿಯಿರಿ.

ಎಲೆ ಹೇಳುವ ದೂರುಗಳು

ರೋಗ, ಕೀಟಗಳ ಕಾಟ ಕಡಿಮೆ. ಎಲೆ ಕೆಡುವುದಕ್ಕೆ ಹೆಚ್ಚಿನ ಸಲ ನೀರು ಅಥವಾ ಮಣ್ಣೇ ಕಾರಣ. ತುದಿಯ ಹೊಸ ಎಲೆ ಹಳದಿ, ಹಳೆಯವು ಹಸಿರು ಎಂದಾದರೆ ಸುಣ್ಣದ ಮಣ್ಣಿನ ಕಬ್ಬಿಣದ ಕೊರತೆ. ಕೀಲೇಟ್ ರೂಪದ, ಅಂದರೆ ಬೇರಿಗೆ ದಕ್ಕುವಂತೆ ಮಾಡಿದ ಕಬ್ಬಿಣ ಆ ವರ್ಷಕ್ಕೆ ಎಲೆಯನ್ನು ಹಸಿರು ಮಾಡುತ್ತದೆ, ಮಣ್ಣನ್ನು ಬದಲಿಸುವುದಿಲ್ಲ. ಇಡೀ ಮರ ಮಂಕಾಗಿ, ಚುಕ್ಕಿ ಚುಕ್ಕಿಯಾಗಿ, ದೂಳು ಹಿಡಿದಂತೆ ಕಂಡರೆ ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಹಾಳೆಯ ಮೇಲೆ ಚುಕ್ಕಿಗಳು ಹರಿದಾಡಿದರೆ ಜೇಡನುಸಿ. ಒಣ ಸೆಕೆಯಲ್ಲಿ ಅದು ಹೆಚ್ಚುತ್ತದೆ. ಎಲೆಯ ಕೆಳಬದಿಗೆ ಬೀಳುವಂತೆ ನಾಲ್ಕೈದು ದಿನಕ್ಕೊಮ್ಮೆ ಜೋರಾಗಿ ನೀರು ಹೊಡೆದರೆ ಇಳಿಯುತ್ತದೆ. ಕೀಟನಾಶಕ ಸಿಂಪಡಿಸಿದರೆ ನುಸಿಯನ್ನು ತಿನ್ನುವ ಕೀಟಗಳು ಮೊದಲು ಸತ್ತು, ನುಸಿ ಇಮ್ಮಡಿಯಾಗುವುದೂ ಉಂಟು. ಒಂದೇ ಕೊಂಬೆ ಮಾತ್ರ ಒಣಗಿದ್ದರೆ ಅದರ ಬುಡದ ತೊಗಟೆಯಲ್ಲಿ ಕುಸಿದ, ಬಣ್ಣಗೆಟ್ಟ ಗಾಯವಿದೆಯೇ ನೋಡಿ; ಇದ್ದರೆ ಅದರ ಹಿಂದಿನ ಆರೋಗ್ಯವಂತ ಭಾಗದವರೆಗೆ ಕತ್ತರಿಸಿ. ಎಳೆ ಗಿಡದ ತೊಗಟೆಯನ್ನು ಚಳಿಗಾಲದಲ್ಲಿ ಮೊಲ, ಇಲಿಗಳು ಕೆರೆದು ತಿನ್ನುವ ಕಡೆ ಬುಡಕ್ಕೆ ತಂತಿಬಲೆ ಬೇಕು.

ಬಂಗಾರದ ಬಣ್ಣದ ತಳಿಗಳಲ್ಲಿ ‘ಗೋಲ್ಡ್ ರಷ್’ ಹೆಸರುವಾಸಿ. ಜಪಾನಿನಿಂದ ಬಂದ ‘ಓಗಾನ್’ ಎಂಬುದೂ ಅದೇ. ಹಸಿರು ಮರಕ್ಕಿಂತ ನಿಧಾನ, ಸುಡುಬಿಸಿಲಿಗೆ ಒಣಗಾಳಿ ಸೇರಿದರೆ ಎಲೆಯ ಅಂಚು ಕರಕಲಾಗುತ್ತದೆ, ಮಧ್ಯಾಹ್ನದ ನಂತರ ತುಸು ನೆರಳು ಸಿಕ್ಕರೆ ಒಳ್ಳೆಯದು. ಜಾಗ ಇಕ್ಕಟ್ಟಾಗಿರುವವರಿಗೆ ‘ನ್ಯಾಷನಲ್’, ‘ಶೆರಿಡನ್ ಸ್ಪೈರ್’ ಎಂಬ ಕಿರಿದಾದ ತಳಿಗಳಿವೆ, ಎತ್ತರ ಮಾತ್ರ ಕಡಿಮೆಯಾಗುವುದಿಲ್ಲ. ‘ಮಿಸ್ ಗ್ರೇಸ್’ ಜೋಲುವ ತಳಿ, ಬೇಕಾದ ಎತ್ತರದವರೆಗೆ ಕೋಲಿಗೆ ಕಟ್ಟಿ ಬೆಳೆಸಬೇಕು. ಅವುಗಳಿಗೆ ಅವುಗಳದೇ ಅಂದವಿದೆ. ಆದರೂ ಜಾಗವಿದ್ದರೆ ಹೆಸರಿಲ್ಲದ ಹಸಿರು ಮರವನ್ನೇ ನೆಡಿ ಎನ್ನುವುದು ನನ್ನ ಸಲಹೆ.

ಸಸಿ ಮಾಡಿಕೊಳ್ಳುವವರಿಗೆ

ಬೀಜ ಪುಟ್ಟದು, ಚಪ್ಪಟೆ, ಸುತ್ತ ತೆಳು ರೆಕ್ಕೆ. ಒಂದು ದಿನ ನೀರಿನಲ್ಲಿ ನೆನೆಸಿ, ಒದ್ದೆ ಮರಳಿನೊಂದಿಗೆ ಸುಮಾರು 4 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟರೆ ಮೊಳಕೆ ಒಟ್ಟಿಗೆ ಬರುತ್ತದೆ. ಮೇಲೆ ಮರಳು ಮುಚ್ಚಿದ್ದು 2ರಿಂದ 3 ಮಿ.ಮೀ. ಮೀರಬಾರದು. ಜೊಳ್ಳು ಹೆಚ್ಚಿರುವುದರಿಂದ ದಟ್ಟವಾಗಿಯೇ ಬಿತ್ತಿ. 20 ಡಿಗ್ರಿ ದಾಟಿದ ಬೆಚ್ಚಗಿನ ಜಾಗದಲ್ಲಿ ಎರಡು ಮೂರು ವಾರಕ್ಕೆ ಮೊಳಕೆ ಏಳುತ್ತದೆ. ಆಗ ಕಾಡುವುದು ಬುಡ ಕೊಳೆ. ರಾತ್ರಿ ನೆಟ್ಟಗಿದ್ದ ಸಸಿಗಳು ಬೆಳಿಗ್ಗೆ ನೆಲಮಟ್ಟದಲ್ಲಿ ಸಪೂರವಾಗಿ ಮಲಗಿರುತ್ತವೆ. ಮೇಲಿನಿಂದ ನೀರು ಹಾಕದೆ ತಟ್ಟೆಯ ಅಡಿಯಿಂದ ಹೀರುವಂತೆ ಮಾಡುವುದು, ಗಾಳಿಯಾಡಿಸುವುದು, ಹೊಸ ಮಿಶ್ರಣ ಬಳಸುವುದು ಇವೇ ಉಪಾಯ.

ಕಡ್ಡಿಯಿಂದ ಇನ್ನೂ ಸುಲಭ. ಎಳೆಯ ಮರವೇ ಬೇಕು, ಮುದಿ ಮರದ ಕಡ್ಡಿಗಳು ಬೇರು ಬಿಡಲು ಸತಾಯಿಸುತ್ತವೆ. ಚಳಿಗಾಲದ ಕೊನೆಗೆ, ಮೊಗ್ಗು ಉಬ್ಬುವ ಮೊದಲು, ಹಿಂದಿನ ವರ್ಷ ಬೆಳೆದ 10ರಿಂದ 15 ಸೆಂ.ಮೀ. ತುಂಡು ತೆಗೆಯಿರಿ. ಬುಡಕ್ಕೆ 0.3ರಿಂದ 0.8 ಪ್ರತಿಶತ ಐಬಿಎ ಎಂಬ ಬೆಳವಣಿಗೆ ಚೋದಕ ಇರುವ ಬೇರು ಬರಿಸುವ ಪುಡಿ ಸವರಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಬೆರೆಸಿದ್ದರಲ್ಲಿ ಅರ್ಧದಷ್ಟು ಹೂತು, ತೇವ ಆರದಂತೆ ಮುಚ್ಚಿಡಿ. ಬೇಸಿಗೆಯ ಆರಂಭದ ಮೆತ್ತನೆ ಕಡ್ಡಿಯೂ ಆದೀತು. ಆದರೆ ಎಲೆಯೊಂದಿಗೆ ಉದುರಿಹೋಗುವ ಕಡ್ಡಿಯನ್ನು ಆರಿಸಿಬಿಟ್ಟರೆ ಶ್ರಮ ದಂಡ. ಅದರಲ್ಲಿ ಮುಂದೆ ಚಿಗುರಲು ಮೊಗ್ಗೇ ಇರುವುದಿಲ್ಲ. ಮೊಗ್ಗು ಕಾಣುವ, ತೊಗಟೆ ಕಂದಾಗುತ್ತಿರುವ ಕಡ್ಡಿ ನೋಡಿ ಆರಿಸಿ.

ಎಲೆ ಹೊತ್ತು ಬೀಳುವ ಆ ಕಡ್ಡಿಗಳು ಕೊನೆಗೆ ಮರದ ಬುಡಕ್ಕೇ ಬೇಕು. ಮಳೆನೀರಿನ ಕೊಳವೆ, ಚರಂಡಿಯ ಜಾಲರಿಗಳಲ್ಲಿ ಅವು ಸಿಕ್ಕಿಕೊಂಡರೆ ನಾರಿನಂತೆ ಹೆಣೆದು ನೀರು ಕಟ್ಟುತ್ತವೆ, ಅಲ್ಲಿಂದ ಮಾತ್ರ ತಪ್ಪದೆ ತೆಗೆಯಿರಿ. ಹುಲ್ಲಿನ ಮೇಲೆ ಬಿದ್ದದ್ದನ್ನು ಗುಡಿಸಿ ಪಾತಿಗೆ ತಂದು ಸುರಿಯಿರಿ. ನವಿರಾಗಿರುವುದರಿಂದ ಬೇಗ ಕರಗುತ್ತವೆ, ಗಾಳಿಗೂ ಹಾರಿಹೋಗುವುದಿಲ್ಲ. ಕಾಂಡದ ಸುತ್ತ ಖಾಲಿ ಬಿಟ್ಟ ಅರ್ಧ ಗೇಣು ಜಾಗವನ್ನು ಅವು ಪ್ರತಿ ಚಳಿಗಾಲ ಮುಚ್ಚುತ್ತವೆ. ಪ್ರತಿ ಚಳಿಗಾಲ ಕೈಯಿಂದ ಸರಿಸಿ, ಬೇರು ಹೊರಡುವ ಜಾಗ ಬೆಳಕಿಗೆ ಕಾಣುವಂತೆ ಮಾಡಿ.